ಇಟಲಿಯ ಅಜ್ಜಿಯನ್ನು ಇನ್ನಾದರೂ ಬಿಟ್ಟುಬಿಡಿ

2025ರ ಡಿಸೆಂಬರ್ 10ರಂದು ದಿಲ್ಲಿಯ ಕೆಂಪುಕೋಟೆಯಲ್ಲಿ ಸೇರಿದ್ದ ಯುನೆಸ್ಕೊ ಸಮಿತಿ ನಮ್ಮ ದೀಪಾವಳಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ದಿನ, ಅದೇ ಸಭೆ, ಇಟಲಿಯ ಅಡುಗೆಯನ್ನೂ ಸೇರಿಸಿತು. ನಮ್ಮಲ್ಲಿ ದೀಪದ ಸುದ್ದಿಯೇ ದೊಡ್ಡದಾಯಿತು, ಆಗಬೇಕಾದ್ದೇ. ನನಗೆ ಮಾತ್ರ ಎರಡನೆಯ ಸುದ್ದಿ ಗಂಟಲಲ್ಲಿ ಸಿಕ್ಕಿಕೊಂಡಿತು. 2017ರಲ್ಲಿ ನೇಪಲ್ಸ್‌ನ ಪಿಜ್ಜಾ ಮಾಡುವವರ ಕಲೆಗೆ ಇಂಥದೇ ಮನ್ನಣೆ ಸಿಕ್ಕಿತ್ತು. ಅದು ಒಂದು ಕಸಬು, ಅರ್ಥವಾಗುತ್ತದೆ. ಈ ಸಲ ಸಿಕ್ಕಿದ್ದು ಇಡೀ ದೇಶದ ಅಡುಗೆಗೆ. ಒತ್ತು ಇದ್ದದ್ದು ದೊಡ್ಡ ಹೋಟೆಲಿನ ಬಾಣಸಿಗರ ಮೇಲಲ್ಲ. ಮನೆ, ಊಟದ ಮೇಜು, ಒಟ್ಟಿಗೆ ಕೂತು ಉಣ್ಣುವುದು, ಅಜ್ಜ ಅಜ್ಜಿಯರಿಂದ ಮೊಮ್ಮಕ್ಕಳಿಗೆ ಹರಿದುಬರುವ ತಿನಿಸುಗಳು, ಇವುಗಳ ಮೇಲೆ. ಎಲ್ಲ ವಯಸ್ಸಿನವರೂ, ಗಂಡಸರು ಹೆಂಗಸರೆನ್ನದೆ ಎಲ್ಲರೂ ಇದರಲ್ಲಿ ಕೈಗೂಡಿಸುತ್ತಾರೆ ಎಂಬ ಅರ್ಥದ ಮಾತೂ ಅಲ್ಲಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಚಿತ್ರದ ನಟ್ಟನಡುವೆ ಕೂತಿರುವವಳು ಒಬ್ಬ ಮುದುಕಿ. ಇಟಾಲಿಯನ್ನಿನಲ್ಲಿ ಅಜ್ಜಿಗೆ ‘ನೊನ್ನಾ’ ಎನ್ನುತ್ತಾರೆ. ಪುಣೆ, ಮುಂಬೈ, ದಿಲ್ಲಿಯ ಇಟಾಲಿಯನ್ ಹೋಟೆಲುಗಳ ಮೆನುವಿನಲ್ಲಿ ಅವಳನ್ನು ನೀವು ನೋಡಿರುತ್ತೀರಿ. ನೊನ್ನಾಳ ಸಾಸು, ನೊನ್ನಾಳ ಲಸಾನ್ಯ. ತಲೆಗೆ ಬಟ್ಟೆ, ಸೊಂಟಕ್ಕೆ ಏಪ್ರನ್, ಕೈಯಲ್ಲಿ ಮರದ ಸೌಟು. ಜಗತ್ತು ಇಟಲಿಯ ಮನೆಯಡುಗೆಗೆ ಮರುಳಾಗಿರುವುದು ಏಕೆ ಎಂದು ಯಾರನ್ನು ಕೇಳಿದರೂ ಬೊಟ್ಟು ಹೋಗುವುದು ಈಕೆಯ ಕಡೆಗೆ. ಸಾವಿರ ವರ್ಷದ ಕೈರುಚಿ, ಪ್ರೀತಿ ಬೆರೆಸಿದ ಅನ್ನ ಇತ್ಯಾದಿ.

ಇದು ಸುಳ್ಳು. ಸುಳ್ಳಾದರೂ ಸುಮ್ಮನಿರಬಹುದಿತ್ತು. ಆದರೆ ಈ ಸುಳ್ಳಿನಿಂದ ನಷ್ಟವಾಗುವುದು ಅಜ್ಜಿಗೇ, ಅದೂ ಇಟಲಿಯ ಅಜ್ಜಿಗೆ ಮಾತ್ರವಲ್ಲ. ಹಾಗಾಗಿ ಸ್ವಲ್ಪ ಜಗಳ ಆಡೋಣ.

ಮೊದಲು ಹಸಿವಿನಿಂದ ಶುರುಮಾಡುತ್ತೇನೆ. ಇಟಲಿ ಒಂದು ದೇಶವಾದದ್ದು 1861ರಲ್ಲಿ. ಆಗಿನ ಉತ್ತರ ಇಟಲಿಯ ಬಡ ರೈತನ ಮನೆಯಲ್ಲಿ ಒಲೆಯ ಮೇಲಿದ್ದದ್ದು ಪೊಲೆಂತಾ, ಎಂದರೆ ಮೆಕ್ಕೆಜೋಳದ ಹಿಟ್ಟಿನ ಗಂಜಿಮುದ್ದೆ. ಬೆಳಿಗ್ಗೆಯೂ ಅದೇ, ರಾತ್ರಿಯೂ ಅದೇ. ಅದನ್ನೇ ತಿಂದು ತಿಂದು ವೆನೆತೊ, ಲೊಂಬಾರ್ದಿಯಾ ಪ್ರಾಂತಗಳ ಜನ ಪೆಲ್ಲಾಗ್ರಾ ರೋಗಕ್ಕೆ ಬಿದ್ದರು. ಬಿಸಿಲು ಬಿದ್ದ ಕಡೆ ಚರ್ಮ ಸುಲಿಯುತ್ತದೆ, ಭೇದಿ ಹತ್ತುತ್ತದೆ, ಕೊನೆಗೆ ಬುದ್ಧಿ ಕೆಡುತ್ತದೆ. ಅಲ್ಲಿನ ಹುಚ್ಚಾಸ್ಪತ್ರೆಗಳಲ್ಲಿ ಇಂಥವರು ತುಂಬಿದ್ದರು. ಮೆಕ್ಕೆಜೋಳದಲ್ಲಿರುವ ನಿಯಾಸಿನ್ ಹಾಗೇ ತಿಂದರೆ ಮೈಗೆ ಹತ್ತುವುದಿಲ್ಲ. ಮೆಕ್ಸಿಕೊದ ಹೆಂಗಸರಿಗೆ ಸಾವಿರಾರು ವರ್ಷಗಳಿಂದ ಇದರ ಉಪಾಯ ತಿಳಿದಿತ್ತು: ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ ನೆನೆಹಾಕಿ, ಆಮೇಲೆ ಅರೆಯುತ್ತಿದ್ದರು. ಯುರೋಪಿನವರು ಕಾಳನ್ನು ಹಡಗಿಗೆ ತುಂಬಿಕೊಂಡು ಬಂದರು, ಅದನ್ನು ಹೇಗೆ ಮಾಡುತ್ತೀರಮ್ಮ ಎಂದು ಕೇಳಿಕೊಂಡು ಬರಲಿಲ್ಲ. (ನಮಗೂ ಇದು ದೂರದ ಕಥೆಯಲ್ಲ. ಡೆಕ್ಕನ್ನಿನ ಬಿಳಿಜೋಳವನ್ನೇ ನೆಚ್ಚಿದ ಬಡವರಲ್ಲಿ ಇದೇ ರೋಗವನ್ನು 1960ರ ದಶಕದಲ್ಲಿ ಹೈದರಾಬಾದಿನ ಪೌಷ್ಟಿಕತೆಯ ವಿಜ್ಞಾನಿಗಳು ವಿವರವಾಗಿ ದಾಖಲಿಸಿದರು.)

ದಕ್ಷಿಣಕ್ಕೆ ಹೋದರೆ ಪಾಸ್ತಾ ಇತ್ತು, ನಿಜ. 1154ರಲ್ಲೇ ಅಲ್ ಇದ್ರೀಸಿ ಎಂಬ ಅರಬ್ ಭೂಗೋಳಜ್ಞ ಸಿಸಿಲಿಯ ತ್ರಾಬಿಯಾದಲ್ಲಿ ಒಣ ಪಾಸ್ತಾ ಮಾಡಿ ಹಡಗಿನಲ್ಲಿ ಹೊರಗೆ ಕಳಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆದರೆ 18 ಮತ್ತು 19ನೇ ಶತಮಾನದ ನೇಪಲ್ಸ್‌ನಲ್ಲಿ ಬಡವರು ಅದನ್ನು ತಿನ್ನುತ್ತಿದ್ದದ್ದು ಬೀದಿಯಲ್ಲಿ. ಗಾಡಿಯವನು ಬೇಯಿಸಿ ಚೀಸ್ ಉದುರಿಸಿ ಕೊಡುತ್ತಿದ್ದ, ಗಿರಾಕಿ ಕತ್ತು ಹಿಂದಕ್ಕೆ ಹಾಕಿ ಕೈಯಲ್ಲೇ ಬಾಯಿಗೆ ಇಳಿಬಿಡುತ್ತಿದ್ದ. ಪಾನಿಪುರಿ ಗಾಡಿಯ ಹಾಗೆ ಅಂದುಕೊಳ್ಳಿ. ಹಳ್ಳಿಯ ಬಡವರ ಮನೆಗೆ ಗೋಧಿಯ ಪಾಸ್ತಾ, ಮಾಂಸ ಬರುತ್ತಿದ್ದದ್ದು ಹಬ್ಬಕ್ಕೆ. ದಿನಾ ಸಂಜೆ ತುಂಬಿದ ಮೇಜಿನ ಸುತ್ತ ಮೂರು ತಲೆಮಾರು ನಗುತ್ತಾ ಕೂತಿರುವ ಜಾಹೀರಾತಿನ ಆ ಮನೆ ಬಹುಪಾಲು ಇಟಾಲಿಯನ್ನರಿಗೆ ಇರಲೇ ಇಲ್ಲ.

ಆ ಮೇಜು ಎಲ್ಲಿಂದ ಬಂತು? ಬಹಳಮಟ್ಟಿಗೆ ಹಡಗು ಹತ್ತಿ ಹೋದವರಿಂದ. 1880ರಿಂದ 1920ರ ದಶಕದ ಮೊದಲ ವರ್ಷಗಳವರೆಗೆ ಅಮೆರಿಕಕ್ಕೇ ಸುಮಾರು 40 ಲಕ್ಷ ಇಟಾಲಿಯನ್ನರು ಹೋದರು, ಹೆಚ್ಚಿನವರು ದಕ್ಷಿಣದ ಬಡವರು. ಅಲ್ಲಿ ಕೂಲಿ ಕೈಗೆ ಬಂತು, ಬಿಳಿ ಹಿಟ್ಟು ಅಗ್ಗ, ಮಾಂಸವೂ ಕೈಗೆಟುಕುತ್ತಿತ್ತು. ಊರಿನಲ್ಲಿ ಜಮೀನ್ದಾರನ ಮನೆಯಲ್ಲಿ ನೋಡಿದ್ದನ್ನು, ಹಬ್ಬದಲ್ಲಷ್ಟೇ ತಿಂದದ್ದನ್ನು ಪ್ರತಿ ಭಾನುವಾರ ಮಾಡತೊಡಗಿದರು. ಹಾಸಿಯಾ ಡೈನರ್ ಎಂಬ ಇತಿಹಾಸಕಾರ್ತಿ 2001ರ ತಮ್ಮ ಪುಸ್ತಕದಲ್ಲಿ ಇದನ್ನು ಚೆನ್ನಾಗಿ ವಾದಿಸಿದ್ದಾರೆ: ವಲಸಿಗರು ಹೊತ್ತು ತಂದದ್ದು ತಾವು ಉಣ್ಣುತ್ತಿದ್ದ ಅಡುಗೆಯನ್ನಲ್ಲ, ಉಣ್ಣಬೇಕೆಂದು ಆಸೆಪಟ್ಟ ಅಡುಗೆಯನ್ನು. ಇಟಲಿಯಲ್ಲೇ ಉಳಿದವರಿಗೆ ಆ ಮೇಜು ದಿನನಿತ್ಯದ್ದಾದದ್ದು ಎರಡನೇ ಮಹಾಯುದ್ಧದ ನಂತರ, ಕಾರ್ಖಾನೆ, ಫ್ರಿಜ್ಜು, ಸಂಬಳ ಬಂದಮೇಲೆ.

ಇಷ್ಟು ಹೇಳಿದರೆ ಸಾಕು, ಇಟಲಿಯಲ್ಲಿ ಕಲ್ಲು ಬೀಳುತ್ತವೆ. ಪಾರ್ಮಾ ವಿಶ್ವವಿದ್ಯಾಲಯದ ಆಲ್ಬರ್ತೊ ಗ್ರಾಂದಿ ಎಂಬ ಪ್ರಾಧ್ಯಾಪಕರು 2023ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರ ಜೊತೆ ಮಾತಾಡುತ್ತಾ ಕಾರ್ಬೊನಾರಾ ಅಮೆರಿಕನ್ ತಿನಿಸು ಎಂದದ್ದಕ್ಕೆ ಅಲ್ಲಿನ ರೈತಸಂಘಟನೆ ಕೊಲ್ದಿರೆತ್ತಿ ಉರಿದುಬಿತ್ತು. ಮೊಟ್ಟೆ, ಹಂದಿಮಾಂಸ, ಚೀಸಿನ ಈ ಪಾಸ್ತಾದ ಬಗ್ಗೆ ಕೆನೆ ಹಾಕಿದರೆ ಪಾಪ, ಬೆಳ್ಳುಳ್ಳಿ ಹಾಕಿದರೆ ಮಹಾಪಾಪ ಎಂದು ಇವತ್ತು ಉಪದೇಶ ಮಾಡುವವರು 1954ರ ‘ಲಾ ಕುಚಿನಾ ಇತಾಲಿಯಾನಾ’ ಪತ್ರಿಕೆಯನ್ನು ತೆಗೆದು ನೋಡಲಿ. ಇಟಲಿಯಲ್ಲಿ ಮೊದಮೊದಲು ಅಚ್ಚಾದ ಕಾರ್ಬೊನಾರಾ ಅದು. ಅದರಲ್ಲಿ ಬೆಳ್ಳುಳ್ಳಿಯಿದೆ, ಚೀಸ್ ಸ್ವಿಟ್ಜರ್ಲೆಂಡಿನ ಗ್ರುಯೇರ್. ‘ಹಳ್ಳಿಗಾಡಿನ ರೊಟ್ಟಿ’ ಎಂದು ಬೇಕರಿಯವರು ಮಾರುವ ಚಬಾತ್ತಾ ಹುಟ್ಟಿದ್ದು 1982ರಲ್ಲಿ. ನನ್ನ ಓದುಗರಲ್ಲಿ ಅನೇಕರು ಅದಕ್ಕಿಂತ ದೊಡ್ಡವರು! ಬೊಲೊನ್ಯದ ವಾಣಿಜ್ಯ ಮಂಡಳಿಯಲ್ಲಂತೂ 1972ರಿಂದ ಚಿನ್ನದ ಒಂದು ತಾಲ್ಯಾತೆಲ್ಲೆ ಎಳೆಯನ್ನೇ ಇಟ್ಟಿದ್ದಾರೆ. ಬೆಂದ ಮೇಲೆ ಅಗಲ 8 ಮಿಲಿಮೀಟರ್ ಇರಬೇಕೆಂದು. ಆ ಊರಿನ ಮಾಂಸದ ಸಾಸಿನ ‘ಅಧಿಕೃತ’ ವಿಧಾನವನ್ನು 1982ರಲ್ಲಿ ನೋಂದಾಯಿಸಿದರು, 2023ರಲ್ಲಿ ತಿದ್ದಿ ಮತ್ತೆ ನೋಂದಾಯಿಸಿದರು. ಸನಾತನವಾದದ್ದಕ್ಕೆ ತಿದ್ದುಪಡಿ ಏಕೆ ಬೇಕಾಯಿತೋ!

ಆದರೂ ಗ್ರಾಂದಿಯವರ ಪರ ನಾನು ಪೂರ್ತಿ ನಿಲ್ಲಲಾರೆ. ಎಲ್ಲವೂ ನಿನ್ನೆ ಮೊನ್ನೆ ಹುಟ್ಟಿದ್ದು, ಎಲ್ಲವೂ ಮಾರಾಟದ ತಂತ್ರ ಎಂದರೆ ಅದೂ ಸೋಮಾರಿತನದ ಮಾತೇ. ಹೊಸದಾದ ಮಾತ್ರಕ್ಕೆ ರುಚಿ ಸುಳ್ಳಾಗುವುದಿಲ್ಲ. ಟೊಮೆಟೊ ಬಂದದ್ದು ಅಮೆರಿಕ ಖಂಡದಿಂದ. ನೇಪಲ್ಸ್‌ನಲ್ಲಿ 1692ರಲ್ಲಿ ಅಚ್ಚಾದ ಅಂತೋನಿಯೊ ಲತೀನಿಯ ಪುಸ್ತಕ ಅದರ ಸಾಸನ್ನು ‘ಸ್ಪೇನಿನ ರೀತಿಯದು’ ಎಂದೇ ಕರೆಯಿತು. ನಮ್ಮ ಮೆಣಸಿನಕಾಯಿಯೂ ಅದೇ ದಾರಿಯಲ್ಲಿ ಬಂದದ್ದು, ಅದಿಲ್ಲದ ಬ್ಯಾಡಗಿಯನ್ನು ಊಹಿಸಿ ನೋಡಿ. ವಯಸ್ಸಿನ ಜಗಳದಲ್ಲಿ ರೈತಸಂಘಟನೆಯವರೂ ಪ್ರಾಧ್ಯಾಪಕರೂ ಇಬ್ಬರೂ ಒಂದು ಪ್ರಶ್ನೆ ಬಿಟ್ಟರು. ಈ ಅಡುಗೆ ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ್ದು ಹೇಗೆ? ಗೊತ್ತಿಲ್ಲದವನ ಕೈಗೆ ಅದು ಹೇಗೆ ಸಿಕ್ಕಿತು?

ಅದಕ್ಕೆ ಉತ್ತರ ಪೆಲ್ಲೆಗ್ರೀನೊ ಅರ್ತೂಸಿಯ ಮನೆಯಲ್ಲಿದೆ. 1820ರಲ್ಲಿ ಫೋರ್ಲಿಂಪೊಪೊಲಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಈತ ಫ್ಲಾರೆನ್ಸಿನಲ್ಲಿ ಬಟ್ಟೆಯ ವ್ಯಾಪಾರ ಮಾಡಿ ದುಡ್ಡು ಮಾಡಿಕೊಂಡ ಬ್ರಹ್ಮಚಾರಿ. ಗಡ್ಡೆಮೀಸೆಯ ಗಂಭೀರ ಮನುಷ್ಯ, ತಿನ್ನುವುದರಲ್ಲಿ ಬಲು ಆಸಕ್ತಿ. ಅಡುಗೆಯ ಪುಸ್ತಕ ಬರೆದ. ಪ್ರಕಾಶಕರು ಒಪ್ಪಲಿಲ್ಲ. 1891ರಲ್ಲಿ ತನ್ನ ಖರ್ಚಿನಲ್ಲಿ 1,000 ಪ್ರತಿ ಅಚ್ಚು ಹಾಕಿಸಿದ. ಆಗ ವಯಸ್ಸು 70 ದಾಟಿತ್ತು. ಹುಟ್ಟೂರಿನ ಧರ್ಮಾರ್ಥ ಲಾಟರಿಗೆ ಎರಡು ಪ್ರತಿ ಕಳಿಸಿದರೆ, ಗೆದ್ದವರು ನಕ್ಕು ತಂಬಾಕಿನ ಅಂಗಡಿಗೆ ಮಾರಿಬಿಟ್ಟರಂತೆ. ಈ ಅವಮಾನವನ್ನು ಮುಂದೆ ಆತನೇ ಪುಸ್ತಕದ ಆರಂಭದಲ್ಲಿ ಬರೆದುಕೊಂಡ. ಮೊದಲ ಮುದ್ರಣದಲ್ಲಿ 475 ವಿಧಾನಗಳಿದ್ದವು, 1911ರಲ್ಲಿ ಆತ ಸಾಯುವ ಹೊತ್ತಿಗೆ 790. ಈ ನಡುವೆ ಅದು ಇಟಲಿಯ ಮಧ್ಯಮವರ್ಗದ ಮನೆಮನೆಯ ಪುಸ್ತಕವಾಗಿತ್ತು. ಒಬ್ಬರ ಮಾತು ಒಬ್ಬರಿಗೆ ಸರಿಯಾಗಿ ತಿಳಿಯದಿದ್ದ ದೇಶಕ್ಕೆ ಒಂದು ಅಡುಗೆಮನೆಯ ಭಾಷೆ ಸಿಕ್ಕಿದ್ದೇ ಈ ಪುಸ್ತಕದಿಂದ ಎನ್ನುವ ವಿದ್ವಾಂಸರಿದ್ದಾರೆ. ದಕ್ಷಿಣದ ಬಹುಪಾಲು ಅದರಲ್ಲಿ ಇಲ್ಲ ಎನ್ನುವುದು ಬೇರೆ ಮಾತು.

475 ಹೇಗೆ 790 ಆಯಿತು? ಓದುಗರು ಕಾಗದ ಬರೆದರು. ಹೆಚ್ಚಿನವರು ಹೆಂಗಸರು. ನಮ್ಮ ಕಡೆ ಹೀಗೆ ಮಾಡುತ್ತೇವೆ, ನಿಮ್ಮ ಅಳತೆ ಸರಿಬರಲಿಲ್ಲ, ಇದನ್ನು ಹಾಕಿ ನೋಡಿ. ಅದನ್ನು ಒಲೆಯ ಮೇಲೆ ಪರೀಕ್ಷೆ ಮಾಡಿದವರು ಅರ್ತೂಸಿಯ ಮನೆಯ ಇಬ್ಬರು: ಅಡುಗೆಯವ ಫ್ರಾಂಚೆಸ್ಕೊ ರುಫಿಲ್ಲಿ, ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮರಿಯೆತ್ತಾ ಸಬಾತೀನಿ. ಯಜಮಾನ ಬರೆಯುತ್ತಿದ್ದ, ಅವರು ಮಾಡುತ್ತಿದ್ದರು. ಕೆಟ್ಟರೆ ಮತ್ತೆ ಮಾಡುತ್ತಿದ್ದರು. ಪುಸ್ತಕದಲ್ಲಿ ‘ಮರಿಯೆತ್ತಾಳ ಪನೆತ್ತೋನೆ’ ಎಂಬ ಹೆಸರಿನಲ್ಲೇ ಒಂದು ಸಿಹಿ ಬ್ರೆಡ್ಡಿದೆ. ಅದಕ್ಕಿಂತ ದೊಡ್ಡದು ಆತನ ಉಯಿಲು: ಪುಸ್ತಕದ ಹಕ್ಕನ್ನು ಮರಿಯೆತ್ತಾ ಮತ್ತು ಫ್ರಾಂಚೆಸ್ಕೊ ಇಬ್ಬರ ಹೆಸರಿಗೆ ಬರೆದುಕೊಟ್ಟು ಸತ್ತ. ಪ್ರೀತಿ, ಕೈರುಚಿ, ಅನ್ನಪೂರ್ಣೆ ಎಂದೆಲ್ಲ ಹೊಗಳಿ ಕೈತೊಳೆದುಕೊಳ್ಳಲಿಲ್ಲ. ಪಾಲು ಕೊಟ್ಟ. ಸಂಪಾದನೆ ಬರುತ್ತಿದ್ದ ಪಾಲು.

ಈಗ ಇನ್ನೊಬ್ಬಾಕೆ. ಮಾರ್ಚೆಲ್ಲಾ ಹಜಾನ್ 1924ರಲ್ಲಿ ಕಡಲತೀರದ ಚೆಸೆನಾತಿಕೊದಲ್ಲಿ ಹುಟ್ಟಿದವರು. ಓದಿದ್ದು ವಿಜ್ಞಾನ, ಡಾಕ್ಟರೇಟ್ ಪಡೆದವರು. 1955ರಲ್ಲಿ ಮದುವೆಯಾಗಿ ನ್ಯೂಯಾರ್ಕಿಗೆ ಹೋದಾಗ ಅಡುಗೆ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಪೆಟ್ಟಾದ ಬಲಗೈ ಜೀವನವಿಡೀ ಸರಿಯಾಗಿ ಬಗ್ಗುತ್ತಿರಲಿಲ್ಲ. ಗಂಡ ಸಂಜೆ ಮನೆಗೆ ಬಂದಾಗ ಊಟ ಬೇಕಲ್ಲ. ಆಕೆ ತೆರೆದದ್ದು ಆದಾ ಬೋನಿಯ ದಪ್ಪ ಅಡುಗೆ ಪುಸ್ತಕವನ್ನು. ನಾಲಿಗೆಗೆ ಊರಿನ ನೆನಪಿತ್ತು, ದಾರಿ ತೋರಿಸಲು ಅಚ್ಚಿನ ಹಾಳೆ ಇತ್ತು, ಪಕ್ಕದಲ್ಲಿ ನಿಂತು ಹೇಳುವ ಅಜ್ಜಿ ಇರಲಿಲ್ಲ. 1969ರಲ್ಲಿ ತಮ್ಮ ಫ್ಲಾಟಿನಲ್ಲೇ ಪಾಠ ಶುರುಮಾಡಿದರು, 1973ರಲ್ಲಿ ಮೊದಲ ಪುಸ್ತಕ ಬಂತು. ಇಂಗ್ಲಿಷ್ ಮಾಡಿಕೊಟ್ಟವರು ಗಂಡ ವಿಕ್ಟರ್. ಇಂಗ್ಲಿಷ್ ಓದುವ ಜಗತ್ತು ಇಟಲಿಯ ಮನೆಯಡುಗೆ ಎಂದು ಇಂದು ಏನನ್ನು ಕರೆಯುತ್ತದೋ ಅದರಲ್ಲಿ ದೊಡ್ಡ ಭಾಗ ಈ ಅಡುಗೆಮನೆಯಿಂದ ಬಂದದ್ದು.

ಅವರ ಟೊಮೆಟೊ ಸಾಸು ಗೊತ್ತಿಲ್ಲದಿದ್ದರೆ ಕೇಳಿ. ಒಂದು ಡಬ್ಬಿ ಟೊಮೆಟೊ, ಐದು ದೊಡ್ಡ ಚಮಚ ಬೆಣ್ಣೆ, ಸಿಪ್ಪೆ ತೆಗೆದು ಎರಡು ಹೋಳು ಮಾಡಿದ ಒಂದು ಈರುಳ್ಳಿ, ಉಪ್ಪು. 45 ನಿಮಿಷ ಸಣ್ಣ ಉರಿ, ಆಗಾಗ ಕೈಯಾಡಿಸಬೇಕು. ಕೊನೆಗೆ ಈರುಳ್ಳಿ ತೆಗೆದುಹಾಕಬೇಕು. ಅಷ್ಟೆ. ಬೆಳ್ಳುಳ್ಳಿ ಇಲ್ಲ, ಸೊಪ್ಪಿಲ್ಲ, ಹೆಚ್ಚುವುದಿಲ್ಲ, ಹುರಿಯುವುದಿಲ್ಲ. ಕೆಡಿಸುವುದೇ ಕಷ್ಟ. ಪಾಸ್ತಾ ಬೇಯಿಸಲು ಅಲ್ಲಿ ಎಲ್ಲರಿಗೂ ಬಾಯಿಗೆ ಬರುವ ಲೆಕ್ಕ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ಎಷ್ಟು ನಿಮಿಷ ಎಂಬುದು ಪೊಟ್ಟಣದ ಮೇಲೇ ಇರುತ್ತದೆ.

ನನ್ನ ವಾದ ಇಷ್ಟೇ. ಇಟಲಿಯ ಮನೆಯಡುಗೆ ಜಗತ್ತನ್ನು ಗೆದ್ದದ್ದು ಅಜ್ಜಿಯ ಕೈಯಲ್ಲಿ ಉಳಿದದ್ದರಿಂದಲ್ಲ, ಅಜ್ಜಿಯ ಕೈ ಬಿಟ್ಟು ಹೊರಗೆ ಬಂದದ್ದರಿಂದ. ಕಾಗದಕ್ಕೆ ಇಳಿಯಿತು, ಡಬ್ಬಿಗೆ ಇಳಿಯಿತು, ಪೊಟ್ಟಣಕ್ಕೆ ಇಳಿಯಿತು. ನಾಲ್ಕು ಸಾಮಾನಿನಲ್ಲಿ, ಅರ್ಧ ಗಂಟೆಯಲ್ಲಿ, ಆ ಊರಿನವನಲ್ಲದವನೂ ಮಾಡಿ ಉಣ್ಣುವಂತಾಯಿತು. ಸೋಲಾಪುರದ ಹುಡುಗ, ಸೋಲ್‌ನ ಹುಡುಗಿ, ಯಾರೂ. ಅದನ್ನು ಈಗ ಮತ್ತೆ ಚಿನ್ನದ ಎಳೆಯಿಂದ ಕಟ್ಟಿಹಾಕಿ, ‘ಇದು ನಮ್ಮ ನೊನ್ನಾಳ ಹೊರತು ಯಾರಿಗೂ ಬಾರದು’ ಎನ್ನುವವರು ಅದರ ಆಕರ್ಷಣೆಯ ಬೇರನ್ನೇ ಕಡಿಯುತ್ತಿದ್ದಾರೆ.

ಕೈಗೆ ಮಾತ್ರ ಬರುವ ಕೆಲಸಗಳಿಲ್ಲವೇ? ಇವೆ. ಬೊಲೊನ್ಯದಲ್ಲಿ ಮೊಟ್ಟೆ ಹಾಕಿದ ಹಿಟ್ಟನ್ನು ಉದ್ದನೆಯ ಲಟ್ಟಣಿಗೆಯಲ್ಲಿ ತೆಳ್ಳಗೆ ಲಟ್ಟಿಸುವ ಹೆಂಗಸರಿಗೆ ‘ಸ್ಫೋಲಿನಾ’ ಎಂಬ ಹೆಸರೇ ಇದೆ. ನಮ್ಮ ಕಡೆ ಜೋಳದ ರೊಟ್ಟಿ ಬಡಿಯುವುದನ್ನು ಪುಸ್ತಕ ಓದಿ ಯಾರೂ ಕಲಿತಿಲ್ಲ. ಆದರೆ ಗಮನಿಸಿ, ಸ್ಫೋಲಿನಾ ಎನ್ನುವುದು ಕಸಬಿನ ಹೆಸರು, ಅದಕ್ಕೆ ಸಂಬಳವಿದೆ. ಬಡಗಿಯ ಕೈಯನ್ನು ಯಾರೂ ಪ್ರೀತಿ ಎನ್ನುವುದಿಲ್ಲ, ಕೆಲಸಗಾರಿಕೆ ಎನ್ನುತ್ತಾರೆ, ಕೂಲಿ ಕೊಡುತ್ತಾರೆ. ಅದೇ ಕೈ ಅಡುಗೆಮನೆಗೆ ಬಂದಾಗ ಪ್ರೀತಿಯಾಗಿಬಿಡುತ್ತದೆ, ಬಿಟ್ಟಿಯೂ ಆಗುತ್ತದೆ.

ಇಟಲಿಯ ಸಣ್ಣ ಖಾನಾವಳಿಗಳ ಫಲಕದ ಮೇಲೆ ‘ಕುಚಿನಾ ಕಸಲಿಂಗಾ’ ಎಂದಿರುತ್ತದೆ, ಮನೆಯಡುಗೆ ಎಂದು ಅರ್ಥ. ‘ಕಸಲಿಂಗಾ’ ಎಂಬ ಅದೇ ಪದಕ್ಕೆ ಇನ್ನೊಂದು ಅರ್ಥವಿದೆ: ಗೃಹಿಣಿ. ಭಾಷೆಯೇ ಬಾಯಿಬಿಟ್ಟು ಹೇಳುತ್ತಿದೆ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ಲೆಕ್ಕದಲ್ಲಿ ಇಟಲಿಯ ಹೆಂಗಸು ಸಂಬಳವಿಲ್ಲದ ಮನೆಗೆಲಸಕ್ಕೆ ದಿನಕ್ಕೆ 5 ಗಂಟೆಗೂ ಹೆಚ್ಚು ಕೊಡುತ್ತಾಳೆ, ಗಂಡಸು 2 ಗಂಟೆ ಚಿಲ್ಲರೆ. ಕೆಂಪುಕೋಟೆಯ ಕಾಗದದಲ್ಲಿ ಇದ್ದ ‘ಎಲ್ಲರೂ ಕೈಗೂಡಿಸುತ್ತಾರೆ’ ಎಂಬ ಮಾತಿನ ನಿಜ ಇದು. ನಾವು ನಗುವಂತಿಲ್ಲ. 2019ರ ಭಾರತದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ, ಹೆಂಗಸರದು ದಿನಕ್ಕೆ 299 ನಿಮಿಷ, ಗಂಡಸರದು 97. ದೇಶ ಯಾವುದಾದರೂ ಆಗಲಿ, ನಾವು ಮನೆಯೂಟದ ರುಚಿ ಎನ್ನುವುದರಲ್ಲಿ ಅರ್ಧ ಯಾರದೋ ಲೆಕ್ಕಕ್ಕೆ ಸಿಗದ ಈ ನಿಮಿಷಗಳು.

ಇಷ್ಟೆಲ್ಲ ಬರೆಯುವ ನಾನು ಯಾರು ಎಂದು ಕೇಳಬಹುದು. ಪುಣೆಯ ನಮ್ಮ ಸೊಸೈಟಿಯಲ್ಲಿ ನಾನು ‘ಭಾನುವಾರದ ಪಾಸ್ತಾ’ ಎಂದೇ ಪ್ರಸಿದ್ಧ. ಹಜಾನ್ ಅವರ ಸಾಸು ಮಾಡುತ್ತೇನೆ, ಒಗ್ಗರಣೆಯ ಆಸೆಗೆ ಎರಡು ಒಣಮೆಣಸಿನಕಾಯಿ ಹಾಕುತ್ತೇನೆ, ಎಲ್ಲರೂ ಹೊಗಳುತ್ತಾರೆ. ನೀವೂ ಸುತ್ತ ನೋಡಿ, ಜನ್ಮದಲ್ಲಿ ಸಾರು ಮಾಡದ ಗಂಡಸರು ಪಾಸ್ತಾ ಮಾಡುತ್ತಾರೆ. ಇದೇಕೆ ಎಂದು ಬಹಳ ದಿನ ಯೋಚಿಸಿದೆ. ಫ್ಯಾಶನ್ ಒಂದು ಕಾರಣ. ಇನ್ನೊಂದು, ಪಾಸ್ತಾ ನಮ್ಮ ಕೈಗೆ ಬಂದದ್ದು ಅಳತೆಯ ಜೊತೆಗೆ. ‘ಅದು ಹೆಂಗಸರ ಕೈಗೇ ಬರುವುದು’ ಎಂದು ನಮಗೆ ಯಾರೂ ಹೇಳಲಿಲ್ಲ, ನಮಗೆ ನೆಪ ಸಿಗಲಿಲ್ಲ. ಸಾರಿಗೆ ನೆಪವಿದೆ: ಅಮ್ಮನ ಕೈರುಚಿ. ಹೊಗಳುತ್ತಲೇ ಅವರನ್ನು ಒಲೆಯ ಮುಂದೆ ನಿಲ್ಲಿಸುವ ಮಾತು ಅದು. ನನ್ನ ಹೆಂಡತಿ ಒಮ್ಮೆ ಪಾತ್ರೆ ಒರೆಸುತ್ತಾ ಅಂದಳು: “ಭಾನುವಾರ ನೀವು ಮಾಡ್ತೀರಿ ಅಂತ ಇಡೀ ಬಿಲ್ಡಿಂಗಿಗೆ ಗೊತ್ತದ. ಸೋಮವಾರ ಯಾರು ಮಾಡ್ತಾರ ಅಂತ ಯಾರರೆ ಕೇಳ್ಯಾರೇನು?”

ಹೋದ ಬೇಸಿಗೆಯಲ್ಲಿ ಧಾರವಾಡದಿಂದ ಅವ್ವ ಬಂದಾಗ ಸಾರಿನ ಪುಡಿಯ ಅಳತೆ ಕೇಳಿದೆ. “ಅಳತಿ ಎಲ್ಲೀದೋ, ಕೈಗೆ ಗೊತ್ತಾಗತದ,” ಅಂದಳು. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಐವತ್ತು ವರ್ಷ ಆ ಮನೆಯಲ್ಲಿ ಅವಳದೇ ಎನ್ನುವಂಥದ್ದು ಆ ಒಂದು ಡಬ್ಬಿ. ಹೊಲ ಅಪ್ಪನ ಹೆಸರಿನಲ್ಲಿ, ಮನೆ ಅಣ್ಣನ ಹೆಸರಿನಲ್ಲಿ. ಅದರ ಗುಟ್ಟನ್ನೂ ನನಗೆ ಸುಮ್ಮನೆ ಬಿಟ್ಟುಕೊಡು ಎಂದರೆ ಯಾಕೆ ಕೊಡಬೇಕು? ಮರಿಯೆತ್ತಾಳಿಗೆ ಉಯಿಲಿನಲ್ಲಿ ಪಾಲಿತ್ತು. ಫೋರ್ಲಿಂಪೊಪೊಲಿಯಲ್ಲಿ ಈಗಲೂ, ಬಾಣಸಿಗರಲ್ಲದ ಮನೆಯಡುಗೆಯವರಿಗೆ ಪ್ರತಿವರ್ಷ ಕೊಡುವ ಬಹುಮಾನ ಅವಳ ಹೆಸರಿನಲ್ಲೇ ಇದೆ.

ತಕ್ಕಡಿ ತಂದೆ. ಅವ್ವ ಕೈತುಂಬ ತೆಗೆದದ್ದನ್ನೆಲ್ಲ, ಬಾಣಲೆಗೆ ಬೀಳುವ ಮೊದಲು, ತೂಗಿ ಬರೆದುಕೊಂಡೆ. ಕೊತ್ತಂಬರಿ ಮೂರು ಸಲ ತೂಗಿದರೂ ಹತ್ತು ಗ್ರಾಂ ಆಚೀಚೆ ಆಗಲಿಲ್ಲ, ಅವಳಿಗೇ ಆಶ್ಚರ್ಯವಾಯಿತು. ಹಾಳೆಯ ಮೇಲೆ ಅವಳ ಪೂರ್ತಿ ಹೆಸರು ಬರೆದು, ಕೆಳಗೆ ಅವಳಿಂದಲೇ ಸಹಿ ಹಾಕಿಸಿದೆ. ಅಣ್ಣನ ಜೊತೆ ಮನೆಯ ಕಾಗದಪತ್ರದ ಮಾತು ಇನ್ನೂ ಆಡಿಲ್ಲ, ಅದು ಸಾಸಿನಷ್ಟು ಸುಲಭವಲ್ಲ. ಸೋಮವಾರದ ಸಾರು ಈಗ ನನ್ನದು. ಮೊದಲ ವಾರ ಮೆಣಸು ಜಾಸ್ತಿಯಾಗಿತ್ತು.